ಹೊಸ ಯಂತ್ರ ಬರುವ ಮುಂಚೆ

ಬೆಂಗಳೂರಿನ ಪೀಣ್ಯದಲ್ಲಿ ಬೆಳಗಿನ ಶಿಫ್ಟ್ ಬಿಡುವ ಹೊತ್ತಿಗೆ ಯಾವುದಾದರೊಂದು ಚಹಾ ಅಂಗಡಿಯ ಮುಂದೆ ನಿಂತು ನೋಡಿ. ಎಣ್ಣೆಯ ಕಲೆ ಹತ್ತಿದ ನೀಲಿ ಷರಟಿನ ಟರ್ನರ್, ಅವರ ಪಕ್ಕದಲ್ಲೇ ಹೆಗಲಿಗೆ ಲ್ಯಾಪ್‌ಟಾಪ್ ಚೀಲ ತೂಗುಹಾಕಿಕೊಂಡ ಹುಡುಗಿ. ಇಬ್ಬರೂ ಒಂದೇ ಕಾರ್ಖಾನೆಯವರಾಗಿರಬಹುದು. ಈಚೆಗೆ ಇಂಥವರ ಮಾತೆಲ್ಲ ಸುತ್ತಿ ಬಳಸಿ ಒಂದೇ ಕಡೆ ಬಂದು ನಿಲ್ಲುತ್ತದೆ: ಕೃತಕ ಬುದ್ಧಿಮತ್ತೆಯಂತೆ, ರೋಬಾಟ್ ಅಂತೆ, ನಮ್ಮಲ್ಲಿಗೂ ತರುತ್ತಾರಂತೆ. ಮನೆಯಲ್ಲಿ ಡಿಪ್ಲೊಮಾ ಓದುವ ಮಗನೋ ಮಗಳೋ ಇದ್ದರೆ ಈ 'ಅಂತೆ'ಗಳು ರಾತ್ರಿ ನಿದ್ದೆಗೆಡಿಸುತ್ತವೆ. ಕಲಿತು ಹೊರಬರುವಷ್ಟರಲ್ಲಿ ಕೆಲಸವೇ ಇಲ್ಲದಂತಾದರೆ?

ಈ ಭಯಕ್ಕೆ ಉತ್ತರ ಹುಡುಕಬೇಕಿದ್ದರೆ ಯಂತ್ರವನ್ನು ತರುವ ಕಂಪನಿ ಅದಕ್ಕೆ ಹೇಗೆ ಸಿದ್ಧತೆ ನಡೆಸುತ್ತದೆ ಎಂಬುದನ್ನು ನೋಡಬೇಕು. ಅದರಲ್ಲೂ ಮಧ್ಯಮ ಗಾತ್ರದ ಕಂಪನಿ. ದೊಡ್ಡ ಕಂಪನಿ ಒಂದು ಪ್ರಯೋಗದಲ್ಲಿ ಕೈ ಸುಟ್ಟುಕೊಂಡರೂ ಇನ್ನೊಂದಕ್ಕೆ ಕೈ ಹಾಕಬಲ್ಲದು. ನಾಲ್ಕು ಲೇತಿನ ಪುಟ್ಟ ವರ್ಕ್‌ಶಾಪಿಗೆ ಆ ಗೊಡವೆಯೇ ಇಲ್ಲ. ನಡುವಿನವರದು ಇಕ್ಕಟ್ಟು. 2025ರ ಏಪ್ರಿಲ್‌ನಿಂದ ಜಾರಿಗೆ ಬಂದ ಕೇಂದ್ರ ಸರ್ಕಾರದ ಲೆಕ್ಕದಂತೆ 125 ಕೋಟಿ ರೂಪಾಯಿವರೆಗೆ ಯಂತ್ರೋಪಕರಣದ ಹೂಡಿಕೆ, 500 ಕೋಟಿವರೆಗೆ ವಹಿವಾಟು ಇರುವ ಉದ್ಯಮ 'ಮಧ್ಯಮ'. ಸಂಖ್ಯೆ ದೊಡ್ಡದಾಗಿ ಕಾಣುತ್ತದೆ, ನಿಜ. ಆದರೆ ಇಂಥ ಕಡೆ ಹೊಸ ತಂತ್ರಜ್ಞಾನಕ್ಕೆಂದೇ ಪ್ರತ್ಯೇಕ ವಿಭಾಗ ಇರುವುದು ಅಪರೂಪ. ಉತ್ಪಾದನೆ ನೋಡಿಕೊಳ್ಳುವ ಮ್ಯಾನೇಜರೇ ಬಿಡುವಾದಾಗ ಇದನ್ನೂ ಯೋಚಿಸಬೇಕು. ಯಂತ್ರಕ್ಕೆ ತಂದದ್ದು ಬ್ಯಾಂಕಿನ ಸಾಲ. ಆಯ್ಕೆ ತಪ್ಪಿದರೂ ಕಂತು ತಪ್ಪುವುದಿಲ್ಲ.

ಇಲ್ಲಿ ಹಳೆಯದೊಂದು ಕಥೆ ನೆನಪಿಸಿಕೊಳ್ಳುವುದು ಒಳ್ಳೆಯದು. ಒಂದು ಕಾಲದಲ್ಲಿ ವಿದ್ಯುತ್ ಮೋಟಾರೂ ಹೊಸ ತಂತ್ರಜ್ಞಾನವಾಗಿತ್ತು. ಎಡಿಸನ್ ಅವರ ವಿದ್ಯುತ್ ಕೇಂದ್ರ ನ್ಯೂಯಾರ್ಕಿನಲ್ಲಿ ಕೆಲಸ ಆರಂಭಿಸಿದ್ದು 1882ರಲ್ಲಿ. ನಮ್ಮ ಶಿವನಸಮುದ್ರದ ವಿದ್ಯುತ್ ಕೋಲಾರದ ಚಿನ್ನದ ಗಣಿ ಮುಟ್ಟಿದ್ದು 1902ರಲ್ಲಿ. ಆದರೆ 1900ರ ಹೊತ್ತಿಗೆ ಅಮೆರಿಕದ ಕಾರ್ಖಾನೆಗಳಲ್ಲಿ ಯಂತ್ರ ತಿರುಗಿಸುವ ಶಕ್ತಿಯಲ್ಲಿ ವಿದ್ಯುತ್ ಮೋಟಾರಿನ ಪಾಲು ನೂರಕ್ಕೆ ಐದೂ ಇರಲಿಲ್ಲ!

ಕಾರಣ ತಿಳಿಯಲು ಹಳೆಯ ಅಕ್ಕಿ ಗಿರಣಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಮೂಲೆಯಲ್ಲೊಂದು ಎಂಜಿನ್ನು, ಅದರಿಂದ ತಿರುಗುವ ಉದ್ದನೆಯ ಶಾಫ್ಟು, ಅಲ್ಲಿಂದ ಒಂದೊಂದು ಯಂತ್ರಕ್ಕೂ ಪಟಪಟ ಬಡಿಯುವ ಬೆಲ್ಟು. ಅಂದಿನ ಕಾರ್ಖಾನೆಗಳೂ ಹೀಗೇ ಇದ್ದವು. ಯಾವ ಯಂತ್ರ ಎಲ್ಲಿರಬೇಕೆಂಬುದನ್ನು ಕೆಲಸದ ಕ್ರಮ ತೀರ್ಮಾನಿಸುತ್ತಿರಲಿಲ್ಲ, ಮೇಲಿನ ಶಾಫ್ಟು ತೀರ್ಮಾನಿಸುತ್ತಿತ್ತು. ಮೋಟಾರು ಬಂದಾಗ ಅನೇಕ ಮಾಲೀಕರು ಉಗಿ ಎಂಜಿನ್ ಕಿತ್ತು ಅದೇ ಜಾಗದಲ್ಲಿ ದೊಡ್ಡ ಮೋಟಾರನ್ನು ಕೂರಿಸಿದರು. ಶಾಫ್ಟು ಅದೇ, ಬೆಲ್ಟು ಅದೇ. ಲಾಭವೂ ಹೆಚ್ಚುಕಡಿಮೆ ಅಷ್ಟಕ್ಕಷ್ಟೇ. ಪ್ರತಿ ಯಂತ್ರಕ್ಕೂ ತನ್ನದೇ ಪುಟ್ಟ ಮೋಟಾರು ಜೋಡಿಸಿ, ಕೆಲಸ ಸಾಗುವ ಕ್ರಮದಲ್ಲೇ ಯಂತ್ರಗಳನ್ನು ಸಾಲಾಗಿ ಇಟ್ಟು, ಕಟ್ಟಡವನ್ನೇ ಬೇರೆ ರೀತಿ ಕಟ್ಟಿದ ಮೇಲೆ ಫಲ ಕಂಡಿತು. ಅಷ್ಟರಲ್ಲಿ 1920ರ ದಶಕ ಬಂದಿತ್ತು. ಕಂಪ್ಯೂಟರಿನ ಕಥೆಯೂ ಇದೇ ಅಲ್ಲವೇ ಎಂದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಪಾಲ್ ಡೇವಿಡ್ 1990ರಲ್ಲಿ ಪ್ರಬಂಧ ಬರೆದರು. ಹಾಗೆಂದು ಆ ಮಾಲೀಕರನ್ನು ದಡ್ಡರೆನ್ನುವಂತಿಲ್ಲ. ಚೆನ್ನಾಗಿ ಓಡುತ್ತಿದ್ದ ಹಳೆಯದನ್ನು ಗುಜರಿಗೆ ಹಾಕಲು ಯಾರಿಗೆ ತಾನೇ ಮನಸ್ಸು ಬರುತ್ತದೆ?

ಈಗ ಇಂದಿನ ಮಾತಿಗೆ ಬರೋಣ. ಟ್ರ್ಯಾಕ್ಟರಿಗೆ ಗೇರ್ ಮಾಡುವ ಒಂದು ಕಾರ್ಖಾನೆ ಎಂದಿಟ್ಟುಕೊಳ್ಳಿ. ಕೊನೆಯ ಮೇಜಿನಲ್ಲಿ ನಾಲ್ವರು ಹೆಂಗಸರು ಟ್ಯೂಬ್‌ಲೈಟಿನ ಕೆಳಗೆ ಒಂದೊಂದೇ ಗೇರನ್ನು ತಿರುಗಿಸಿ, ಹಲ್ಲು ಮುರಿದಿದೆಯೇ, ಬಿರುಕು ಬಿಟ್ಟಿದೆಯೇ ಎಂದು ನೋಡುತ್ತಾರೆ. ಮಾಲೀಕರು ತುಮಕೂರು ರಸ್ತೆಯ ಇಮ್ಟೆಕ್ಸ್ ಪ್ರದರ್ಶನಕ್ಕೆ ಹೋಗಿ, ಈ ಕೆಲಸವನ್ನು ಕ್ಯಾಮೆರಾ ಮತ್ತು ಕೃತಕ ಬುದ್ಧಿಮತ್ತೆ ಕ್ಷಣಾರ್ಧದಲ್ಲಿ ಮಾಡುವುದನ್ನು ಕಂಡು ಬೆರಗಾಗುತ್ತಾರೆ. ಆದರೆ ಮಳಿಗೆಯಲ್ಲಿ ತೋರಿಸುವ ಗೇರು ತೊಳೆದು ಒರೆಸಿದ್ದು. ಕಾರ್ಖಾನೆಯ ಗೇರು ಎಣ್ಣೆ ಸವರಿಕೊಂಡೇ ಬರುತ್ತದೆ. ಆ ಎಣ್ಣೆಯ ಗೆರೆ ಕ್ಯಾಮೆರಾದ ಕಣ್ಣಿಗೆ ಬಿರುಕಿನಂತೆ ಕಾಣಬಹುದು.

ಇನ್ನು ಲೆಕ್ಕ. ವಿದ್ಯಾರ್ಥಿಗಳು ಪೆನ್ಸಿಲ್ ಹಿಡಿದು ನೋಡಿ. ಸಾವಿರ ಗೇರಿಗೆ ಐದು ಕೆಟ್ಟವು ಇರುತ್ತವೆ ಎನ್ನೋಣ. ಯಂತ್ರ ಒಳ್ಳೆಯದನ್ನಾಗಲಿ ಕೆಟ್ಟದ್ದನ್ನಾಗಲಿ ನೂರಕ್ಕೆ 99 ಸಲ ಸರಿಯಾಗಿ ಗುರುತಿಸುತ್ತದೆ. ಕೇಳಲು ಎಷ್ಟು ಚೆನ್ನ! ಆ ಐದು ಸಿಕ್ಕಿಬೀಳುತ್ತವೆ. ಉಳಿದ 995ರಲ್ಲಿ ನೂರಕ್ಕೆ ಒಂದರಂತೆ ಸುಮಾರು ಹತ್ತು ಒಳ್ಳೆಯ ಗೇರುಗಳೂ ಕೆಟ್ಟವೆಂದು ಪಕ್ಕಕ್ಕೆ ಬೀಳುತ್ತವೆ. ಅಂದರೆ ಪಕ್ಕಕ್ಕಿಟ್ಟ ಹದಿನೈದರಲ್ಲಿ ಹತ್ತು ನಿರಪರಾಧಿಗಳು. ಅವನ್ನು ಮತ್ತೆ ಕಣ್ಣಿಂದಲೇ ನೋಡಬೇಕು. ಸಾವಿರ ನೋಡುವ ಬದಲು ಹದಿನೈದು ನೋಡಿದರೆ ಸಾಕಲ್ಲ ಎಂದರೆ, ಹೌದು, ಅದು ನಿಜವಾದ ಲಾಭವೇ. ಆದರೆ ಹದಿನೈದನ್ನು ನೋಡುವವರು ಯಾರು, ಅವರ ಮೇಜು ಎಲ್ಲಿ, ಅವರ ತೀರ್ಪು ಯಂತ್ರಕ್ಕೆ ತಿರುಗಿ ತಿಳಿಯುವುದು ಹೇಗೆ ಎಂಬುದನ್ನು ಮೊದಲೇ ಗೊತ್ತುಮಾಡದಿದ್ದರೆ ಮಾಲು ಬಾಗಿಲಲ್ಲೇ ರಾಶಿ ಬೀಳುತ್ತದೆ.

ಇದಕ್ಕೂ ಹಿಂದಿನ ಹೆಜ್ಜೆಯೊಂದಿದೆ. ಇಂಥ ಯಂತ್ರಕ್ಕೆ ಕಲಿಸಲು ಕೆಟ್ಟ ಗೇರಿನ ಚಿತ್ರಗಳು ಬೇಕು. ಐದುನೂರು ಬೇಕೆಂದರೆ, ನಮ್ಮ ಲೆಕ್ಕದಲ್ಲಿ, ಒಂದು ಲಕ್ಷ ಗೇರು ತಯಾರಾಗಬೇಕು. ಕೆಟ್ಟದ್ದನ್ನೆಲ್ಲ ಅಂದಂದೇ ಗುಜರಿಗೆ ಕಳಿಸುವ ಕಾರ್ಖಾನೆ ಹೊಸ ಯಂತ್ರ ತಂದಿಟ್ಟು ತಿಂಗಳುಗಟ್ಟಲೆ ಕಾಯಬೇಕಾದೀತು. ತಿಳಿದವರು ಯಂತ್ರದ ಮಾತೆತ್ತುವುದಕ್ಕೆ ಬಹಳ ಮುಂಚೆಯೇ ಕೆಟ್ಟ ಗೇರುಗಳನ್ನು ಕೂಡಿಡಲು ಶುರುಮಾಡುತ್ತಾರೆ. ಖರ್ಚು ಒಂದು ಪೆಟ್ಟಿಗೆ, ಒಂದಿಷ್ಟು ಚೀಟಿ.

ಚೀಟಿಯಲ್ಲಿ ಬರೆಯುವವರು ಯಾರು? ಆ ಮೇಜಿನಲ್ಲಿ ಹದಿನೆಂಟು ವರ್ಷ ಕೂತ ಅಕ್ಕನೇ. ಇದು ಬಿರುಕು, ಇದು ಬರೀ ಟೂಲಿನ ಗುರುತು ಎಂದು ನೋಡಿದೊಡನೆ ಹೇಳಬಲ್ಲವರು ಅವರೊಬ್ಬರು. ಇಡೀ ಯೋಜನೆಯಲ್ಲಿ ಅತ್ಯಂತ ನಾಜೂಕಿನ ಜಾಗ ಇದು. ನಿಮ್ಮ ಕೆಲಸ ಕಿತ್ತುಕೊಳ್ಳಲಿರುವ ಯಂತ್ರಕ್ಕೆ ನೀವೇ ಪಾಠ ಹೇಳಿ ಎಂದರೆ ಯಾರು ಹೇಳಿಯಾರು? ಯಂತ್ರ ಬಂದ ಮೇಲೆ ಅವರ ಕೆಲಸವೇನು, ಸಂಬಳವೆಷ್ಟು ಎಂಬುದನ್ನು ಮೊದಲೇ ಕೂರಿಸಿ ಹೇಳಬೇಕು. ಕೆಲಸ ಕಡಿಮೆಯಾಗುವುದಿದ್ದರೆ ಅದನ್ನೂ ಮುಚ್ಚಿಡಬಾರದು. ಪ್ರಾಜೆಕ್ಟ್ ವರದಿಗಳಲ್ಲಿ ನೂರು ಪುಟವಿದ್ದರೂ ಈ ಮಾತು ಒಂದು ಸಾಲಿನಲ್ಲಿ ಮುಗಿದುಹೋಗಿರುತ್ತದೆ.

ಆಮೇಲೆ ಒಂದೇ ಸಾಲಿನಲ್ಲಿ ಪರೀಕ್ಷೆ. ಹೊಸ ಬೀಜವನ್ನು ರೈತ ಮೊದಲು ಒಂದು ಮಡಿಯಲ್ಲಿ ಹಾಕಿ ನೋಡುತ್ತಾನಲ್ಲ, ಹಾಗೆ. ಅಮೆರಿಕದ ಅಯೋವಾ ರಾಜ್ಯದ ರೈತರು ಹೈಬ್ರಿಡ್ ಮೆಕ್ಕೆಜೋಳಕ್ಕೆ ಒಗ್ಗಿದ ಬಗೆಯನ್ನು ರಯಾನ್ ಮತ್ತು ಗ್ರಾಸ್ ಎಂಬ ಸಮಾಜಶಾಸ್ತ್ರಜ್ಞರು ಅಭ್ಯಾಸ ಮಾಡಿ 1943ರಲ್ಲಿ ಪ್ರಕಟಿಸಿದರು. ಅಲ್ಲಿಯೂ ರೈತರು ಹೊಲದ ಒಂದು ಭಾಗದಲ್ಲಷ್ಟೇ ಹಾಕಿ, ವರ್ಷ ವರ್ಷ ಹೆಚ್ಚಿಸುತ್ತ ಹೋಗಿದ್ದರು. ಕಾರ್ಖಾನೆಯಲ್ಲೂ ಕೆಲವು ತಿಂಗಳು ಹೊಸ ಕ್ಯಾಮೆರಾ, ಹಳೆಯ ಮೇಜು ಎರಡೂ ಜೊತೆಜೊತೆಗೆ ನಡೆಯಬೇಕು. ಇಷ್ಟರೊಳಗೆ ಇಷ್ಟು ಫಲ ಕಾಣದಿದ್ದರೆ ಕೈಬಿಡುತ್ತೇವೆ ಎಂಬುದನ್ನು ಹಣ ಕೊಡುವ ಮೊದಲೇ ಬರೆದಿಟ್ಟುಕೊಳ್ಳಬೇಕು. ಹಣ ಸುರಿದ ಮೇಲೆ ಬರೆಯಲು ಕೈ ಬರುವುದಿಲ್ಲ.

ಇಷ್ಟೆಲ್ಲ ಮಾಡುವ ಜನ ಎಲ್ಲಿಂದ ಬರಬೇಕು? ಪೋಷಕರು ಗಮನಿಸಬೇಕಾದದ್ದು ಇಲ್ಲಿ. ಪ್ರೋಗ್ರಾಂ ಬರೆಯುವವರು ಬೇಕಾದಷ್ಟು ಸಿಗುತ್ತಾರೆ, ಗೇರು ಬಲ್ಲವರೂ ಸಿಗುತ್ತಾರೆ. ಮೈಕ್ರೋಮೀಟರ್ ಹಿಡಿಯಲು ಬಂದು, ಡ್ರಾಯಿಂಗ್ ಓದಲು ಬಂದು, ಮೇಲಿನ ಹದಿನೈದರ ಲೆಕ್ಕವೂ ತಲೆಗೆ ಹತ್ತಿದವರು ಕಡಿಮೆ. 1972ರಲ್ಲಿ ಬೆಂಗಳೂರಿನಲ್ಲಿ ಶುರುವಾಗಿ ಇಂದು ರಾಜ್ಯದ ಅನೇಕ ಊರುಗಳಲ್ಲಿರುವ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಅಂದರೆ ಜಿಟಿಟಿಸಿ, ಎಸ್ಸೆಸ್ಸೆಲ್ಸಿ ಆದವರಿಗೆ ಟೂಲ್ ಅಂಡ್ ಡೈ, ಮೆಕಾಟ್ರಾನಿಕ್ಸ್ ಮುಂತಾದ ಡಿಪ್ಲೊಮಾ ಕಲಿಸುತ್ತದೆ. 1959ರಲ್ಲಿ ಕೇರಳದ ನೆಟ್ಟೂರಿನಲ್ಲಿ ಹುಟ್ಟಿದ ಎನ್‌ಟಿಟಿಎಫ್ ಕೂಡ ಬೆಂಗಳೂರಿನಲ್ಲಿದೆ. ಎಂಜಿನಿಯರಿಂಗ್‌ಗೆ ಸೀಟು ಸಿಗದವರ ದಾರಿ ಎಂದು ಇವುಗಳ ಬಗ್ಗೆ ಮೂಗು ಮುರಿಯುವವರಿದ್ದಾರೆ. ಅವರು ಒಮ್ಮೆ ಅಲ್ಲಿನ ಟೂಲ್‌ರೂಮಿಗೆ ಹೋಗಿ ನೋಡಲಿ. ಎಂಜಿನಿಯರಿಂಗ್ ಓದುವವರು ಸಂಖ್ಯಾಶಾಸ್ತ್ರದ ತರಗತಿಗೆ ಚಕ್ಕರ್ ಹೊಡೆಯದಿದ್ದರೆ ಸಾಕು.

ಮುಂದಿನ ಸಲ ಕಾಲೇಜಿನವರು ಕಾರ್ಖಾನೆ ನೋಡಲು ಕರೆದುಕೊಂಡು ಹೋದಾಗ ಎಲ್ಲರೂ ರೋಬಾಟಿನ ಸುತ್ತ ಗುಂಪು ಕಟ್ಟುತ್ತಾರೆ. ನೀವು ತಿರಸ್ಕರಿಸಿದ ಮಾಲಿನ ಪೆಟ್ಟಿಗೆ ಎಲ್ಲಿದೆ ಎಂದು ಕೇಳಿ, ಒಂದೊಂದಕ್ಕೂ ಚೀಟಿ ಕಟ್ಟಿದ್ದಾರೆಯೇ ನೋಡಿ. ಕಟ್ಟಿದ್ದರೆ, ಅದರ ಮೇಲೆ ಬರೆದವರು ಯಾರೆಂದು ವಿಚಾರಿಸಿ ಅವರ ಪಕ್ಕದಲ್ಲಿ ಹತ್ತು ನಿಮಿಷ ನಿಲ್ಲಿ.