ಮನೆಯಲ್ಲೇ ಮಾಡಿ ಮ್ಯಾಜಿಕ್ ಇಸ್ಪೀಟು

ಒಂದೆರಡು ಎಲೆ ಕಳೆದುಹೋದ ಇಸ್ಪೀಟು ಕಟ್ಟೊಂದು ಎಲ್ಲರ ಮನೆಯಲ್ಲೂ ಯಾವುದೋ ಡ್ರಾಯರಿನ ಮೂಲೆಯಲ್ಲಿ ಬಿದ್ದಿರುತ್ತದೆ. ರಮ್ಮಿಗೂ ಬರಲ್ಲ, ಎಸೆಯೋಕೂ ಮನಸ್ಸಾಗಲ್ಲ. ಈ ರಜೆಯಲ್ಲಿ ಅದನ್ನು ಹೊರಗೆ ತೆಗೀರಿ. ಒಂದು ಸ್ಟೀಲ್ ಸ್ಕೇಲು, ಪೇಪರ್ ಕಟರ್, ನೇಲ್ ಕಟರ್, ಗ್ಲೂ ಸ್ಟಿಕ್ ಇದ್ದರೆ ಸಾಕು. ಜಾದೂ ಸಾಮಾನಿನ ಅಂಗಡಿಯಲ್ಲಿ ದುಡ್ಡು ಕೊಟ್ಟು ತರುವ ಮ್ಯಾಜಿಕ್ ಎಲೆಗಳನ್ನು ಅಡುಗೆಮನೆ ಕಟ್ಟೆಯ ಮೇಲೇ ಮಾಡಿಕೊಳ್ಳಬಹುದು.

ನನಗೆ ಇದನ್ನು ಕಲಿಸಿದವನು ನಮ್ಮಣ್ಣ. ಅವನು ಸ್ಕೂಲ್ ಡೇಗಳಲ್ಲಿ ಸಣ್ಣಪುಟ್ಟ ಜಾದೂ ಮಾಡುತ್ತಿದ್ದ. ಹಿಂದಿನ ರಾತ್ರಿ ಎಲೆ ಕತ್ತರಿಸೋದು, ಅಂಟು ಹಚ್ಚೋದು ನನ್ನ ಪಾಲಿನ ಕೆಲಸ. ಈಗ ಎಂಟನೇ ಕ್ಲಾಸಿನ ನನ್ನ ಮಗಳು ಅದೇ ಕೆಲಸಕ್ಕೆ ಕೂತಿದ್ದಾಳೆ. ಮೊಬೈಲು ಕೈಬಿಟ್ಟು ಎರಡು ಗಂಟೆ ಸ್ಕೇಲು ಹಿಡಿದು ಕೂರುತ್ತಾಳೆ ಅನ್ನೋದೇ ನನಗೆ ಮೊದಲ ಜಾದೂ!

ಕೈಚಳಕವೋ, ಎಲೆಯ ಚಳಕವೋ?

ಇಸ್ಪೀಟಿನ ಜಾದೂ ಎಂದರೆ ಬರೀ ಕೈಚಳಕ ಅಂತ ನಾವು ತಿಳಿದಿರುತ್ತೇವೆ. ಅರ್ಧ ಮಾತ್ರ ನಿಜ. ಉಳಿದರ್ಧ ಕೆಲಸವನ್ನು ಎಷ್ಟೋ ಸಲ ಎಲೆಯೇ ಮಾಡಿರುತ್ತದೆ. 19ನೇ ಶತಮಾನದ ವಿಯೆನ್ನಾದಲ್ಲಿ ಯೋಹಾನ್ ನೆಪೋಮುಕ್ ಹೋಫ್‌ಜಿನ್ಸರ್ (1806–1875) ಎಂಬ ಜಾದೂಗಾರನಿದ್ದ. ಸರ್ಕಾರಿ ನೌಕರಿ ಮಾಡಿಕೊಂಡೇ ಇಸ್ಪೀಟಿನ ಜಾದೂವನ್ನು ದೊಡ್ಡ ಕಲೆಯ ಮಟ್ಟಕ್ಕೆ ಏರಿಸಿದವನು. ವಿಶೇಷವಾಗಿ ತಯಾರಿಸಿದ ಎಲೆಗಳ ಬಳಕೆಗೂ ಅವನು ಹೆಸರುವಾಸಿ. ಅಂಥ ದೊಡ್ಡವರೇ ಕತ್ತರಿ, ಅಂಟು ಹಿಡಿದಿರುವಾಗ ನಾವು ಹಿಡಿದರೆ ತಪ್ಪೇನಿದೆ?

ಮೊದಲು ಎಲೆಯನ್ನು ಗುರುತಿಸಿಕೊಳ್ಳಿ. ಪೋಕರ್ ಅಳತೆಯ ಎಲೆ ಸುಮಾರು 63 ಮಿ.ಮೀ. ಅಗಲ, 88 ಮಿ.ಮೀ. ಉದ್ದ. ಬ್ರಿಡ್ಜ್ ಅಳತೆಯದು ಅಷ್ಟೇ ಉದ್ದ, ಆದರೆ 57 ಮಿ.ಮೀ. ಅಗಲ. ನಮಗೆ ಬೇಕಾದದ್ದು ಕಾಗದದ ಎಲೆ. ನೀರಲ್ಲಿ ತೊಳೆದರೂ ಏನೂ ಆಗದ ಪೂರ್ತಿ ಪ್ಲಾಸ್ಟಿಕ್ ಎಲೆಗಳು ಬೇಡ, ಅವನ್ನು ಸೀಳೋಕೆ ಆಗಲ್ಲ. ಒಂದೇ ಬೆನ್ನಿನ ಚಿತ್ರವಿರುವ ಎರಡು ಕಟ್ಟು ಇಟ್ಟುಕೊಂಡರೆ ಒಳ್ಳೆಯದು. ಒಂದು ಕತ್ತರಿಸೋಕೆ, ಒಂದು ಆಡಿಸೋಕೆ.

ಗಿಡ್ಡ ಎಲೆ: ಹತ್ತು ನಿಮಿಷದ ಕೆಲಸ

ಶುರು ಮಾಡೋರು ಇದರಿಂದಲೇ ಶುರು ಮಾಡಿ. ಯಾವುದಾದರೂ ಒಂದು ಎಲೆ ತಗೊಳ್ಳಿ, ಆಟೀನು ಏಳು ಅಂತಿಟ್ಟುಕೊಳ್ಳೋಣ. ಅದರ ಒಂದು ಗಿಡ್ಡ ಅಂಚಿನಿಂದ ಅರ್ಧ ಮಿ.ಮೀ.ನಿಂದ ಒಂದು ಮಿ.ಮೀ.ವರೆಗೆ ಸ್ಟೀಲ್ ಸ್ಕೇಲು ಇಟ್ಟು ಕಟರಿನಿಂದ ತೆಗೆಯಿರಿ. ಒಂದೇ ಸಲ ಒತ್ತಿ ಕೊಯ್ಯಬೇಡಿ. ಹಗುರವಾಗಿ ಮೂರು ನಾಲ್ಕು ಸಲ ಎಳೆಯಿರಿ. ಆಗ ಕತ್ತರಿಸಿದ ಕಡೆಯ ಎರಡು ಮೂಲೆ ಚೂಪಾಗುತ್ತವೆ. ಅಲ್ಲಿಗೆ ಬರುತ್ತದೆ ನೇಲ್ ಕಟರು. ಅದರ ಬಾಯಿ ಮೊದಲೇ ಬಾಗಿರೋದರಿಂದ ಮೂಲೆಯನ್ನು ಗುಂಡಗೆ ಮಾಡೋಕೆ ಅದಕ್ಕಿಂತ ಒಳ್ಳೆ ಸಾಧನ ಮನೆಯಲ್ಲಿಲ್ಲ. ಕೊನೆಗೆ ನುಣುಪಾದ ಸ್ಯಾಂಡ್ ಪೇಪರಿನಿಂದ ಅಂಚನ್ನು ಒಮ್ಮೆ ಸವರಿ.

ಇದನ್ನು ಕಟ್ಟಿನಲ್ಲಿ ಸೇರಿಸಿ, ಎಲೆಗಳ ಬೆನ್ನು ಮೇಲೆ ಮಾಡಿ ಹಿಡಿದು, ಒಂದು ತುದಿಯನ್ನು ಹೆಬ್ಬೆರಳಿನಿಂದ ಎತ್ತಿ ಕೆಳಗಿನಿಂದ ಒಂದೊಂದಾಗಿ ಸರ್ರನೆ ಬಿಡುತ್ತಾ ಬನ್ನಿ. ಗಿಡ್ಡ ಎಲೆ ಬಂದಾಗ ‘ಟಿಕ್’ ಅಂತ ಒಂದು ಸಣ್ಣ ತಡೆ ಸಿಗುತ್ತದೆ. ಹೆಬ್ಬೆರಳಿಗೆ ಆ ಎಲೆಯ ಅಂಚು ಸಿಗದೆ, ಅದು ಕೆಳಗಿನ ಎಲೆಯ ಜೊತೆಗೇ ಬಿದ್ದುಬಿಡುತ್ತದೆ. ಅಲ್ಲಿಗೆ ಕಟ್ಟನ್ನು ಎರಡು ಭಾಗ ಮಾಡಿದರೆ ಕೆಳಗಿನ ಭಾಗದ ಮೇಲುಗಡೆ ಇರೋದು ಗಿಡ್ಡ ಎಲೆಯೇ.

ಈಗ ಆಟ. ಯಾರಿಂದಾದರೂ ಒಂದು ಎಲೆ ತೆಗೆಸಿ. ಅವರು ನೋಡುತ್ತಿರುವಾಗ ‘ಟಿಕ್’ ಎಂದ ಕಡೆ ಕಟ್ಟು ಬಿಡಿಸಿ, ಕೆಳಗಿನ ಭಾಗದ ಮೇಲೆ ಅವರ ಎಲೆ ಇಡಿಸಿ, ಮೇಲಿನ ಭಾಗವನ್ನು ಮುಚ್ಚಿ. ಅವರ ಎಲೆ ಈಗ ಗಿಡ್ಡ ಎಲೆಯ ತಲೆ ಮೇಲೆ ಕೂತಿದೆ. ಎಷ್ಟು ಸಲ ಬೇಕಾದರೂ ಕಟ್ ಮಾಡಿಸಿ, ಆದರೆ ಕಲಸೋಕೆ ಮಾತ್ರ ಬಿಡಬೇಡಿ. ಕೊನೆಗೆ ಮತ್ತೆ ‘ಟಿಕ್’ ಎಂದ ಕಡೆ ಮೇಲಿನ ಭಾಗವನ್ನು ಎತ್ತಿ ಅವರ ಕಡೆ ತೋರಿಸಿ. ತಳದಲ್ಲಿ ಕಾಣೋದು ಅವರದೇ ಎಲೆ!

ಇಪ್ಪತ್ತಾರು ಅವಳಿಗಳು

ಇದೇ ಗಿಡ್ಡ ಎಲೆಯ ತತ್ವವನ್ನು ಇಡೀ ಕಟ್ಟಿಗೆ ಹಬ್ಬಿಸಿದರೆ ಸಿಗೋದು ಪ್ರಸಿದ್ಧ ಸ್ವೆಂಗಾಲಿ ಕಟ್ಟು. ಹೆಸರು ಬಂದಿದ್ದು ಜಾರ್ಜ್ ಡು ಮೌರಿಯೇ 1894ರಲ್ಲಿ ಬರೆದ ‘ಟ್ರಿಲ್ಬಿ’ ಕಾದಂಬರಿಯಲ್ಲಿನ ಸಮ್ಮೋಹನಗಾರನಿಂದ. ಈ ಕಟ್ಟಿನಲ್ಲಿ 26 ಬೇರೆ ಬೇರೆ ಎಲೆ, 26 ಒಂದೇ ಎಲೆ. ಒಂದೇ ಥರದವು ಎಲ್ಲಾ ಗಿಡ್ಡ. ಒಂದು ಬಿಟ್ಟು ಒಂದರಂತೆ ಜೋಡಿಸಿ, ಬೆನ್ನು ಮೇಲಿರುವಾಗ ಎಲ್ಲಕ್ಕಿಂತ ಮೇಲೆ ಗಿಡ್ಡದು ಬರುವಂತೆ ಇಟ್ಟರೆ ಎಲೆಗಳು ಜೋಡಿ ಜೋಡಿಯಾಗಿ ಬೀಳುತ್ತವೆ. ಮುಖ ತೋರಿಸುತ್ತಾ ಬಿಟ್ಟರೆ ಎಲ್ಲಾ ಬೇರೆ ಬೇರೆ ಕಾಣುತ್ತವೆ. ಬೆನ್ನು ಮೇಲೆ ಮಾಡಿ ಬಿಡುತ್ತಾ ‘ಸ್ಟಾಪ್ ಅನ್ನಿ’ ಎಂದರೆ, ಅವರು ಎಲ್ಲಿ ನಿಲ್ಲಿಸಿದರೂ ಸಿಗೋದು ಅದೇ ಎಲೆ.

ಆದರೆ ಲೆಕ್ಕ ಹಾಕಿ: 26 ಒಂದೇ ಎಲೆ ಬೇಕೆಂದರೆ 26 ಕಟ್ಟು ಒಡೆಯಬೇಕು! ಅಣ್ಣನಿಗೆ ಗೆಳೆಯರೊಬ್ಬರು ಕ್ಲಬ್ಬಿನಲ್ಲಿ ಆಡಿ ಬಿಟ್ಟ ಹಳೇ ಕಟ್ಟುಗಳನ್ನು ತಂದುಕೊಡುತ್ತಿದ್ದರು. ಅಂಥ ದಾರಿ ಇಲ್ಲದಿದ್ದರೆ ಇದೊಂದನ್ನು ಕೊಂಡುಕೊಳ್ಳೋದೇ ಜಾಣತನ.

ಎರಡೂ ಕಡೆ ಬೆನ್ನು

ನನ್ನ ಮಗಳಿಗೆ ತುಂಬಾ ಇಷ್ಟವಾದದ್ದು ಇದು. ಇಸ್ಪೀಟೆಲೆ ನೋಡೋಕೆ ಒಂದೇ ಹಾಳೆಯಂತಿದ್ದರೂ ಒಳ್ಳೆಯ ಎಲೆಗಳಲ್ಲಿ ಎರಡು ಪದರ ಕಾಗದವನ್ನು ಅಂಟಿಸಿರುತ್ತಾರೆ. ಎಲೆಯ ಮೂಲೆಯನ್ನು ಉಗುರಿನಿಂದ ಸ್ವಲ್ಪ ಬಾಗಿಸಿ ನೀವುತ್ತಿದ್ದರೆ ಪದರ ಬಿಡಿಸಿಕೊಳ್ಳುತ್ತದೆ. ಅಲ್ಲಿಂದ ಬಾಳೆಪಟ್ಟೆ ಸುಲಿದ ಹಾಗೆ ನಿಧಾನವಾಗಿ ಎಳೆಯಬೇಕು. ನಾವು ಉಳಿಸಿಕೊಳ್ಳಬೇಕಾದ ಪದರವನ್ನು ಮೇಜಿನ ಮೇಲೆ ಮಟ್ಟಸವಾಗಿ ಒತ್ತಿಹಿಡಿದು, ಬೇಡದ ಪದರವನ್ನು ಎಳೆಯೋದು ಇಲ್ಲಿನ ಗುಟ್ಟು. ಎಳೆದ ಪದರ ಸುರುಳಿ ಸುತ್ತುತ್ತದೆ, ಒತ್ತಿಹಿಡಿದದ್ದು ನೆಟ್ಟಗಿರುತ್ತದೆ.

ಹೀಗೆ ಎರಡು ಎಲೆಗಳ ಬೆನ್ನುಗಳನ್ನು ಉಳಿಸಿಕೊಂಡು ಒಂದಕ್ಕೊಂದು ಅಂಟಿಸಿ. ಎರಡೂ ಕಡೆ ಬೆನ್ನೇ ಇರುವ ಎಲೆ ತಯಾರು. ಎರಡು ಇಡೀ ಎಲೆಗಳನ್ನು ಅಂಟಿಸಿದರೆ ಆಗಲ್ವಾ ಅಂತ ಕೇಳಬಹುದು. ಆಗಲ್ಲ, ದಪ್ಪ ಎರಡರಷ್ಟಾಗಿ ಕೈಗೆ ಸಿಕ್ಕಿಬಿಡುತ್ತದೆ. ಸೀಳಿ ಅಂಟಿಸಿದ್ದು ಮಾಮೂಲಿ ಎಲೆಯಷ್ಟೇ ದಪ್ಪ. ನೀರಿನಂಥ ಗೋಂದು ಬೇಡ, ಎಲೆ ಒಣಗುವಾಗ ಸೊಟ್ಟಗಾಗುತ್ತದೆ. ಗ್ಲೂ ಸ್ಟಿಕ್ ತೆಳ್ಳಗೆ ಸವರಿ. ಅಂಚು ಸರಿಯಾಗಿ ಕೂಡಿಸಿ, ಬಿಳಿ ಹಾಳೆಯ ಮಧ್ಯೆ ಇಟ್ಟು, ಮೇಲೆ ದಪ್ಪ ಪುಸ್ತಕಗಳನ್ನು ಹೇರಿ ಒಂದು ರಾತ್ರಿ ಬಿಡಿ.

ಈ ಎಲೆಯನ್ನು ಕಟ್ಟಿನ ತಳದಲ್ಲಿಡಿ. ನೋಡುಗರು ಒಂದು ಎಲೆ ತೆಗೆದು ಪಕ್ಕದವರಿಗೆ ತೋರಿಸುವಾಗ ‘ನಾನು ನೋಡಲ್ಲಪ್ಪ’ ಅಂತ ಬೆನ್ನು ತಿರುಗಿಸಿ ನಿಂತು ಕಟ್ಟನ್ನು ತಲೆಕೆಳಗು ಮಾಡಿ. ಮೇಲೆ ಬೆನ್ನೇ ಕಾಣುತ್ತದೆ, ಆದರೆ ಒಳಗಿನ ಎಲೆಗಳೆಲ್ಲ ಮುಖ ಮೇಲೆ ಮಾಡಿಕೊಂಡಿವೆ. ಕಟ್ಟನ್ನು ಬಿಗಿಯಾಗಿ ಹಿಡಿದು, ಅವರ ಎಲೆಯನ್ನು ಬೆನ್ನು ಮೇಲಾಗಿಯೇ ನಡುವೆ ತೂರಿಸಲು ಹೇಳಿ. ಕೈ ಹಿಂದಕ್ಕೆ ಒಯ್ದು ಮತ್ತೆ ತಿರುಗಿಸಿ ತಂದು ಮೇಜಿನ ಮೇಲೆ ಹರಡಿ. ಎಲ್ಲಾ ಎಲೆ ಬೋರಲು, ಅವರದೊಂದೇ ಅಂಗಾತ!

ಇನ್ನೆರಡು ಬಗೆ

ಎಲೆಯ ಉದ್ದದ ಅಂಚುಗಳನ್ನು ಒಂದು ತುದಿಯ ಕಡೆ ಕೂದಲೆಳೆಯಷ್ಟು ಕಿರಿದು ಮಾಡುತ್ತಾ ಬಂದರೆ ‘ಇಳಿಜಾರು ಕಟ್ಟು’ ಆಗುತ್ತದೆ. ಒಂದು ಎಲೆಯನ್ನು ಹಿಂದುಮುಂದಾಗಿ ಸೇರಿಸಿದರೆ ಅದರ ಅಗಲ ತುದಿ ಉಳಿದವುಗಳ ಕಿರಿದಾದ ತುದಿಯಲ್ಲಿ ಚೂರು ಹೊರಗೆ ಬರುತ್ತದೆ. ಕಣ್ಣಿಗೆ ಕಾಣಲ್ಲ, ಬೆರಳಿಗೆ ಗೊತ್ತಾಗುತ್ತದೆ. ಎಷ್ಟು ಕಲಸಿದರೂ ಆ ಎಲೆಯನ್ನು ಎಳೆದು ತೆಗೆಯಬಹುದು. ಆದರೆ ಐವತ್ತೆರಡನ್ನೂ ಒಂದೇ ಅಳತೆಗೆ ಕತ್ತರಿಸಬೇಕು, ಅದಕ್ಕೆ ತಾಳ್ಮೆ ಬೇಕು. ಅಂದಹಾಗೆ, ಮೈಸೂರಿನ ಗಂಜೀಫಾದಂಥ ದುಂಡನೆಯ ಎಲೆಗಳಿಗೆ ಉದ್ದವೂ ಇಲ್ಲ, ತುದಿಯೂ ಇಲ್ಲ. ಅವುಗಳ ಹತ್ತಿರ ಈ ಉಪಾಯ ನಡೆಯಲ್ಲ!

ಇನ್ನೊಂದು, ಒರಟು ಮಾಡಿದ ಎಲೆ. ಎಲೆಗಳ ಬೆನ್ನಿಗೆ ಹೊಳಪಿಲ್ಲದ ಮ್ಯಾಟ್ ವಾರ್ನಿಷ್ ಸ್ಪ್ರೇಯನ್ನು ತೆಳ್ಳಗೆ ಹೊಡೆದು ಒಣಗಿಸಿ, ಬೆನ್ನಿಗೆ ಬೆನ್ನು ಕೂಡಿಸಿದರೆ, ಹಗುರವಾಗಿ ಒತ್ತಿದಾಗ ಜೋಡಿ ಒಂದೇ ಎಲೆಯಂತೆ ಅಂಟಿಕೊಂಡು ಸರಿಯುತ್ತದೆ. ಒತ್ತಡ ಸಡಿಲಿಸಿದರೆ ಬಿಡಿಯಾಗುತ್ತದೆ. ಅಮೆರಿಕದ ಜೋ ಬರ್ಗ್ 1930ರ ದಶಕದಲ್ಲಿ ಹೊರತಂದ, ಮುಂದೆ ‘ಇನ್‌ವಿಸಿಬಲ್ ಡೆಕ್’ ಎಂದು ಮನೆಮಾತಾದ ಕಟ್ಟು ನಿಂತಿರೋದು ಇದರ ಮೇಲೇ. ಸ್ಪ್ರೇ ಕೆಲಸ ಮಾತ್ರ ದೊಡ್ಡವರೇ ಮಾಡಿ. ತಾರಸಿ ಮೇಲೆ, ಮೂಗಿಗೆ ಮಾಸ್ಕ್ ಹಾಕಿಕೊಂಡು, ಒಲೆ ದೀಪಗಳಿಂದ ದೂರ.

ಅತ್ತೆ ಕೇಳಿದ ಪ್ರಶ್ನೆ

ನಮ್ಮ ಮನೆಯಲ್ಲಿ ಇದಕ್ಕೆಲ್ಲ ಒಂದು ದೊಡ್ಡ ತಡೆ ಇತ್ತು. ಅತ್ತೆ ಮಂಡ್ಯ ಕಡೆಯವರು. ಅಲ್ಲಿ ಯುಗಾದಿ ಬಂತೆಂದರೆ ಅರಳಿಕಟ್ಟೆ, ತೋಟದ ನೆರಳು ಎಲ್ಲೆಲ್ಲೂ ಇಸ್ಪೀಟು. ಅವರ ತಂದೆ ಅಂಥದ್ದೇ ಒಂದು ಹಬ್ಬದಲ್ಲಿ ಕಾಲುವೆ ಪಕ್ಕದ ಗದ್ದೆ ಕಳೆದುಕೊಂಡರು. ಅತ್ತೆಯ ಓದು ಏಳನೇ ಕ್ಲಾಸಿಗೆ ನಿಂತದ್ದು ಆ ವರ್ಷವೇ. ಹಾಗಾಗಿ ನಮ್ಮ ಮನೆಗೆ ಇಸ್ಪೀಟು ಬರುವಂತಿರಲಿಲ್ಲ. ಮಗಳು ಮೊದಲ ಸಲ ಕಟ್ಟು ತಂದಾಗ ಅತ್ತೆ ಎರಡು ದಿನ ಅವಳ ಜೊತೆ ಮಾತು ಬಿಟ್ಟರು.

ಮೂರನೇ ದಿನ ಮಗಳೇ ಹೋಗಿ ಪಕ್ಕ ಕೂತಳು. ‘ಅಜ್ಜಿ, ಆಡೋದಲ್ಲ. ಸುಮ್ನೆ ಒಂದೆಲೆ ತಗೋ’ ಅಂದಳು. ಗಿಡ್ಡ ಎಲೆಯ ಆಟ ತೋರಿಸಿದಳು. ಅತ್ತೆ ನಗಲಿಲ್ಲ. ‘ಹೆಂಗ್ ಮಾಡ್ದೆ?’ ಅಂದರು. ಜಾದೂಗಾರರು ಗುಟ್ಟು ಹೇಳಬಾರದು ಅಂತ ಮಾಮ ಕಲಿಸಿದ್ದ. ಆದರೂ ಅವಳು ಅಜ್ಜಿಯ ಹೆಬ್ಬೆರಳನ್ನೇ ಹಿಡಿದು ಕಟ್ಟಿನ ಅಂಚಿನ ಮೇಲಿಟ್ಟು ಬಿಟ್ಟಳು. ಟಿಕ್. ಅತ್ತೆ ಇನ್ನೊಮ್ಮೆ ತಾವೇ ಮಾಡಿ ನೋಡಿದರು. ಮತ್ತೂ ಒಮ್ಮೆ. ಆಮೇಲೆ ಮೆಲ್ಲಗೆ ಕೇಳಿದರು, ‘ಮಗಾ, ನಮ್ಮಪ್ಪಂಗೂ ಹಿಂಗೇ ಮಾಡಿರ್ಬೋದಾ?’

ಅದಕ್ಕೆ ಉತ್ತರ ನಮ್ಮಿಬ್ಬರಲ್ಲಿ ಯಾರ ಹತ್ತಿರವೂ ಇರಲಿಲ್ಲ. ಮಾಡಿರಬಹುದು, ಮಾಡದೆಯೂ ಇರಬಹುದು. ಜೂಜಿನಲ್ಲಿ ಗದ್ದೆ ಹೋಗೋಕೆ ಮೋಸವೇ ಆಗಬೇಕೆಂದೇನಿಲ್ಲ. ಆದರೆ ಗಿಡ್ಡ ಎಲೆ, ಇಳಿಜಾರು ಕಟ್ಟು ಜಾದೂಗಾರರ ಕೈಯಲ್ಲಷ್ಟೇ ಇದ್ದವಲ್ಲ, ಜೂಜುಕೋರರ ಕೈಯಲ್ಲೂ ಇದ್ದವು ಅನ್ನೋದು ಸತ್ಯ. ಅದನ್ನು ಮಗಳು ಅಜ್ಜಿಗೆ ಹಾಗೇ ಹೇಳಿದಳು. ಅತ್ತೆ ಕಟ್ಟನ್ನು ಅವಳ ಕೈಗೆ ಕೊಟ್ಟು, ‘ದುಡ್ಡು ಇಟ್ಟು ಆಡೋ ಕಡೆ ಮಾತ್ರ ಕೂರಬ್ಯಾಡ’ ಅಂದರು. ಕಟ್ಟು ಮನೆಯಲ್ಲಿ ಉಳಿಯಿತು.

ನಮ್ಮನೆ ಕಟ್ಟುಪಾಡು

ಅಂದಿನಿಂದ ಈ ನಿಯಮಗಳನ್ನು ಇಟ್ಟುಕೊಂಡಿದ್ದೇವೆ. ನಿಮಗೂ ಉಪಯೋಗಕ್ಕೆ ಬರಬಹುದು.

* ಕತ್ತರಿಸಿದ ಎಲೆ ಇರುವ ಕಟ್ಟಿನ ಡಬ್ಬಿಯ ಮೇಲೆ ಕೆಂಪು ಸ್ಟಿಕ್ಕರು. ಅದು ರಮ್ಮಿ, ಕತ್ತೆ ಆಟಕ್ಕೆ ಯಾವತ್ತೂ ಹೋಗಬಾರದು. ಕಡಲೆಬೀಜ ಪಣಕ್ಕಿಟ್ಟು ಆಡಿದರೂ ಸರಿ.
* ಜಾದೂ ತೋರಿಸುವಾಗ ಪಂದ್ಯ ಕಟ್ಟೋದಿಲ್ಲ. ಹತ್ತು ರೂಪಾಯಿಯೂ ಇಲ್ಲ.
* ಒಂದು ಆಟವನ್ನು ಅದೇ ಜನರೆದುರು ಎರಡನೇ ಸಲ ಮಾಡೋದಿಲ್ಲ. ಎರಡನೇ ಸಲ ಅವರು ಕೈ ನೋಡುತ್ತಿರುತ್ತಾರೆ.
* ಕಟರ್ ಬ್ಲೇಡು ಮಕ್ಕಳ ಕೈಗೆ ಕೊಡುವಾಗ ದೊಡ್ಡವರು ಪಕ್ಕದಲ್ಲೇ ಇರಬೇಕು. ಸ್ಕೇಲಿನ ಅಂಚಿನಿಂದ ಬೆರಳು ಹಿಂದೆ.
* ಆಟ ಮುಗಿದ ಮೇಲೆ ಕಟ್ಟಿಗೆ ರಬ್ಬರ್ ಬ್ಯಾಂಡ್ ಬೇಡ, ಅಂಚು ಹಾಳಾಗುತ್ತದೆ. ಡಬ್ಬಿಯಲ್ಲಿಟ್ಟು ಮೇಲೊಂದು ಪುಸ್ತಕ ಇಡಿ.

ಮೊದಲ ಎಲೆ ಕೆಟ್ಟರೆ ಬೇಸರ ಬೇಡ. ಜೋಕರುಗಳ ಮೇಲೆ ಅಭ್ಯಾಸ ಮಾಡಿ ಕೈ ಕುದುರಿದ ಮೇಲೆ ರಾಜ ರಾಣಿಯರಿಗೆ ಕತ್ತರಿ ಹಾಕಿ. ನಿಮ್ಮ ಮಕ್ಕಳು ಇನ್ಯಾವ ಬಗೆಯ ಎಲೆ ಮಾಡಿದರು ಅಂತ ಬರೆದು ತಿಳಿಸಿ. ಮಗಳು ಈಗ ಎರಡೂ ಕಡೆ ಮುಖವಿರುವ ಎಲೆಗೆ ಕೈಹಾಕಿದ್ದಾಳೆ; ಒಂದು ಕಡೆ ಇಸ್ಪೀಟು ಎಕ್ಕ, ಇನ್ನೊಂದು ಕಡೆ ಆಟೀನು ರಾಣಿ. ಅಂಟು ಇನ್ನೂ ಒಣಗಬೇಕು.