ಹ್ಯಾಮ್ ರೇಡಿಯೊ: ತರಂಗಾಂತರ ಹರಾಜಾದರೆ ಯಾರಿಗೆ ನಷ್ಟ?
ನಿಯಮ ಬದಲಾದಾಗಲೆಲ್ಲ ಹ್ಯಾಮ್‌ಗಳು, ಅಂದರೆ ಹವ್ಯಾಸಿ ರೇಡಿಯೊದವರು, ಗಾಬರಿ ಬೀಳಬೇಕಿಲ್ಲ. ಅಮೆರಿಕದ ಸಂಪರ್ಕ ನಿಯಂತ್ರಣ ಸಂಸ್ಥೆ ಎಫ್‌ಸಿಸಿ 2007ರಲ್ಲಿ ಹ್ಯಾಮ್ ಪರವಾನಗಿಗಿದ್ದ ಮೋರ್ಸ್ ಸಂಕೇತದ ಪರೀಕ್ಷೆ ಕೈಬಿಟ್ಟಿತು. ಹವ್ಯಾಸವೇನೂ ಮುಳುಗಲಿಲ್ಲ, ಇಷ್ಟಪಟ್ಟು ಮೋರ್ಸ್ ಕುಟ್ಟುವವರು ಈಗಲೂ ಇದ್ದಾರೆ. ಆದರೆ ತರಂಗಾಂತರವೇ ಕೈತಪ್ಪಿದರೆ ಕಥೆ ಬೇರೆ. ಅಮೆರಿಕದಲ್ಲಿ 3.3ರಿಂದ 3.5 ಗಿಗಾಹರ್ಟ್ಸ್‌ವರೆಗೆ ಹ್ಯಾಮ್‌ಗಳಿಗಿದ್ದದ್ದು ಎರಡನೇ ದರ್ಜೆಯ ಹಕ್ಕು: ಜಾಗ ಖಾಲಿ ಇರುವಷ್ಟು ದಿನ ಬಳಸಿಕೊಳ್ಳಿ, ಅಷ್ಟೆ. ವೈಫೈ ಡಬ್ಬಿಯಂಥ ಉಪಕರಣಕ್ಕೆ ಬೇರೆ ತಂತ್ರಾಂಶ ತುಂಬಿ, ಕಂಬದ ಮೇಲೆ ಕೂರಿಸಿ, ಗುಡ್ಡದಿಂದ ಗುಡ್ಡಕ್ಕೆ ತುರ್ತು ಜಾಲ ಹೆಣೆದವರು ಅವರು. 5ಜಿ ಫೋನ್ ಜಾಲಕ್ಕಾಗಿ 3.45 ಗಿಗಾಹರ್ಟ್ಸ್‌ಗಿಂತ ಮೇಲಿನ ಪಾಲು ಹರಾಜಾಯಿತು. 2022ರಲ್ಲಿ ಹ್ಯಾಮ್‌ಗಳು ಅದನ್ನು ತೆರವು ಮಾಡಬೇಕಾಯಿತು.

ಹರಾಜಿನಿಂದ ಬಂದದ್ದು 2,000 ಕೋಟಿ ಡಾಲರಿಗೂ ಹೆಚ್ಚು. ಕೋಟ್ಯಂತರ ಜನರ ಫೋನಿಗಿಂತ ಕೆಲವರ ಹವ್ಯಾಸ ದೊಡ್ಡದೇ ಎಂದು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಹ್ಯಾಮ್‌ಗಳು ಬೇರೆ ಬ್ಯಾಂಡಿಗೆ, ಅಂದರೆ ಬೇರೆ ತರಂಗಾಂತರ ಪಟ್ಟಿಗೆ, ಹೋಗಲಿ ಎನ್ನುವುದೂ ಸುಲಭ. ಆದರೆ ಒಂದು ಬ್ಯಾಂಡಿಗೆಂದೇ ಮಾಡಿದ ಉಪಕರಣ ಇನ್ನೊಂದರಲ್ಲಿ ನಡೆಯುವುದಿಲ್ಲ, 5.8 ಗಿಗಾಹರ್ಟ್ಸ್‌ನಲ್ಲಾದರೆ ಊರೆಲ್ಲರ ವೈಫೈ ಗದ್ದಲ. ಇನ್ನು ಫೋನ್ ಇದ್ದರೆ ಸಾಕು ಎಂಬ ವಾದ: 2004ರ ಸುನಾಮಿಯಲ್ಲಿ ಅಂಡಮಾನಿನ ದೂರವಾಣಿ ಸಂಪರ್ಕ ಕಡಿದಾಗ ಹೊರಜಗತ್ತಿಗೆ ಸುದ್ದಿ ಮುಟ್ಟಿಸಿದವರಲ್ಲಿ, ಸರ್ಕಾರದ ಅನುಮತಿ ಪಡೆದು ಪೋರ್ಟ್ ಬ್ಲೇರ್‌ನಲ್ಲಿದ್ದ ಹ್ಯಾಮ್ ತಂಡವೂ ಇತ್ತು. ಅವರು ಬಳಸಿದ್ದು ಬೇರೆ ಬ್ಯಾಂಡ್, ನಿಜ. ಆದರೆ ಅಭ್ಯಾಸವಿರುವ ಕೈಗಳು ಆಪತ್ತಿನ ದಿನ ದಿಢೀರನೆ ಹುಟ್ಟುವುದಿಲ್ಲ. ಹಾಗೆಂದು ಹರಾಜು ಬೇಡವೆಂದಲ್ಲ. ತೆರವು ಮಾಡಿಸುವ ಮೊದಲು ಬದಲಿ ಜಾಗ ತೋರಿಸುವುದು, ಉಪಕರಣದ ಖರ್ಚನ್ನು ಹರಾಜಿನ ಹಣದಲ್ಲೇ ತುಂಬಿಕೊಡುವುದು ಸರ್ಕಾರದ ಹೊಣೆ.