ಪರ್ಸೆಂಟೇಜ್ ಬಿಡಿ, ಮಗುವಿಗೆ ಓದಲು ಬರುತ್ತಾ ಕೇಳಿ: ಸರ್ಕಾರಿ ಶಾಲೆಯ ಲೆಕ್ಕ ಕೇಳೋದು ಹೇಗೆ?

ಯಾದಗಿರಿ: ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ಜಿಲ್ಲೆಯವರೆಲ್ಲ ಪಟ್ಟಿಯನ್ನು ಕೆಳಗಿನಿಂದ ನೋಡಲು ಶುರು ಮಾಡ್ತಾರೆ. 2023ರಲ್ಲಿ ಕೊನೆಯ ಸ್ಥಾನ ಯಾದಗಿರಿಗೆ, ಶೇ 75.49. 2024ರಲ್ಲೂ ಕೊನೆಯ ಸ್ಥಾನ ಯಾದಗಿರಿಗೇ, ಶೇ 50.59. ಆಮೇಲೆ ನಡೆಯೋದು ಎಲ್ಲರಿಗೂ ಗೊತ್ತಿರೋದೇ. ಮೇಲಿನವರು ಕೆಳಗಿನವರಿಗೆ ನೋಟಿಸ್ ಕೊಡ್ತಾರೆ, ಮಾಸ್ತರು ಪಾಲಕರನ್ನು ದೂರುತ್ತಾರೆ, ಪಾಲಕರು ಸರ್ಕಾರವನ್ನು ದೂರುತ್ತಾರೆ. ಜೂನ್‌ನಲ್ಲಿ ಮಕ್ಕಳು ಹೊಸ ಬ್ಯಾಗ್ ಹಾಕಿಕೊಂಡು ಶಾಲೆಗೆ ಹೊರಟ ಮೇಲೆ ಆ ಮಾತು ಅಲ್ಲಿಗೇ ನಿಲ್ಲುತ್ತೆ.

ಹಾಗಾದರೆ ಸರ್ಕಾರಿ ಶಾಲೆ ಯಾರಿಗೆ ಲೆಕ್ಕ ಕೊಡಬೇಕು? ಏನು ಲೆಕ್ಕ ಕೊಡಬೇಕು? ಕೊಡದಿದ್ದರೆ ಪಾಲಕರು ಎಲ್ಲಿಗೆ ಹೋಗಬೇಕು? ಇದಕ್ಕೆಲ್ಲ ಕಾನೂನಿನಲ್ಲಿ ಉತ್ತರ ಇದೆ. ಕೇಳೋರು ಕಡಿಮೆ, ಅಷ್ಟೇ.

ಫಲಿತಾಂಶದ ಅಂಕಿ ಎಷ್ಟು ನಂಬಬಹುದು?

2023ರಲ್ಲಿ ಎಸ್ಸೆಸ್ಸೆಲ್ಸಿಯಲ್ಲಿ ರಾಜ್ಯಕ್ಕೆ ಮೊದಲು ಬಂದದ್ದು ಚಿತ್ರದುರ್ಗ. ಮುಂದಿನ ವರ್ಷ ಪರೀಕ್ಷಾ ಕೇಂದ್ರಗಳಲ್ಲಿ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂತು. ಅದೇ ಚಿತ್ರದುರ್ಗ 21ನೇ ಸ್ಥಾನಕ್ಕೆ ಇಳಿಯಿತು. ಒಂದೇ ವರ್ಷದಲ್ಲಿ ಇಡೀ ಜಿಲ್ಲೆಯ ಮಕ್ಕಳು ದಡ್ಡರಾಗಲಿಲ್ಲ, ಮಾಸ್ತರು ಪಾಠ ಮರೆಯಲೂ ಇಲ್ಲ. ಬದಲಾಗಿದ್ದು ಪರೀಕ್ಷೆ ನಡೆಸುವ ರೀತಿ. ರಾಜ್ಯದ ಒಟ್ಟು ಫಲಿತಾಂಶವೂ ಶೇ 83.89ರಿಂದ ಶೇ 73.40ಕ್ಕೆ ಬಿತ್ತು. ಅದೂ ಗ್ರೇಸ್ ಅಂಕವನ್ನು ಶೇ 10ರಿಂದ ಶೇ 20ಕ್ಕೆ ಏರಿಸಿದ ಮೇಲೆ.

ಅಂದರೆ ಪಾಸಾದವರ ಶೇಕಡಾವಾರು ಹೆಚ್ಚು ಕಡಿಮೆ ಆಗಲು ಕ್ಯಾಮೆರಾ ಸಾಕು, ಗ್ರೇಸ್ ಅಂಕ ಸಾಕು. ಮಗುವಿಗೆ ಓದು ಬರೆಹ ಎಷ್ಟು ಬರುತ್ತೆ ಅನ್ನೋದನ್ನು ಆ ಒಂದು ಅಂಕಿ ಹೇಳಲ್ಲ.

ಅಂತರ ಮಾತ್ರ ಹಾಗೇ ಉಳಿದಿದೆ. 2025ರ ಮೊದಲ ಪರೀಕ್ಷೆಯಲ್ಲಿ ಮೊದಲ ಸ್ಥಾನದ ದಕ್ಷಿಣ ಕನ್ನಡ ಶೇ 91.12, ಕೊನೆಯ ಸ್ಥಾನದ ಕಲಬುರಗಿ ಶೇ 42.43. ಒಂದೇ ರಾಜ್ಯ, ಒಂದೇ ಪಠ್ಯಪುಸ್ತಕ, ಒಂದೇ ಪ್ರಶ್ನೆಪತ್ರಿಕೆ. ಆದರೂ ನಡುವೆ 48ಕ್ಕೂ ಹೆಚ್ಚು ಅಂಶಗಳ ಕಂದಕ.

ಅಂತರ ಶುರುವಾಗೋದು ಹತ್ತನೇ ಕ್ಲಾಸಿನಲ್ಲಿ ಅಲ್ಲ

ಹತ್ತರಲ್ಲಿ ಫೇಲಾಗುವ ಮಗು ಸಾಮಾನ್ಯವಾಗಿ ಮೂರು, ನಾಲ್ಕನೇ ತರಗತಿಯಲ್ಲೇ ಹಿಂದೆ ಬಿದ್ದಿರುತ್ತೆ. 'ಪ್ರಥಮ್' ಸಂಸ್ಥೆ ನಡೆಸುವ 'ಅಸರ್' ಸಮೀಕ್ಷೆಯಲ್ಲಿ ಹಳ್ಳಿಗಳ ಮನೆಗಳಿಗೇ ಹೋಗಿ ಮಕ್ಕಳ ಕೈಗೆ ಎರಡನೇ ತರಗತಿ ಮಟ್ಟದ ಪುಟ್ಟ ಪಾಠ ಕೊಟ್ಟು ಓದಿಸ್ತಾರೆ. 2024ರ ಸಮೀಕ್ಷೆ ಪ್ರಕಾರ ದೇಶದ ಗ್ರಾಮೀಣ ಸರ್ಕಾರಿ ಶಾಲೆಗಳ ಐದನೇ ತರಗತಿ ಮಕ್ಕಳಲ್ಲಿ ಅದನ್ನು ಓದಿದವರು ಶೇ 44.8 ಮಾತ್ರ. ಅರ್ಧಕ್ಕಿಂತ ಹೆಚ್ಚು ಮಕ್ಕಳು ಮೂರು ವರ್ಷ ಹಿಂದಿನ ಪಾಠವನ್ನೂ ಓದಲಾಗದೆ ಆರನೇ ತರಗತಿಗೆ ಹೋಗ್ತಾರೆ. ಅಲ್ಲಿ ವಿಜ್ಞಾನ, ಸಮಾಜ, ಇಂಗ್ಲಿಷ್ ಎಲ್ಲವೂ ಓದಿಯೇ ಕಲಿಯಬೇಕಾದ ವಿಷಯಗಳು.

ನಮ್ಮ ಕಡೆ ಇದಕ್ಕೆ ಇನ್ನೂ ಕೆಲವು ಕಾರಣ ಸೇರಿಕೊಳ್ಳುತ್ತವೆ. ಹತ್ತಿ ಬಿಡಿಸೋ ಹಂಗಾಮಿನಲ್ಲಿ ಶಾಲೆಯ ಬೆಂಚು ಖಾಲಿ. ಬೆಂಗಳೂರು, ಮುಂಬೈ, ಹೈದರಾಬಾದಿಗೆ ಗುಳೆ ಹೋಗುವ ಕುಟುಂಬದ ಜೊತೆ ಮಕ್ಕಳೂ ಹೋಗ್ತಾರೆ. ತಾಂಡಾದ ಮಗುವಿನ ಮನೆಮಾತು ಲಂಬಾಣಿ, ಗುರುಮಠಕಲ್ ಕಡೆ ಎಷ್ಟೋ ಮನೆಗಳಲ್ಲಿ ತೆಲುಗು. 2011ರ ಜನಗಣತಿಯಲ್ಲಿ ಯಾದಗಿರಿಯ ಸಾಕ್ಷರತೆ ಶೇ 51.83, ರಾಜ್ಯದಲ್ಲೇ ಕಡಿಮೆ. ಅಂದರೆ ಮನೆಯಲ್ಲಿ ಕೂತು ಹೋಂವರ್ಕ್ ಮಾಡಿಸೋರು ಎಲ್ಲ ಮಕ್ಕಳಿಗೂ ಇಲ್ಲ. 'ಸಾಲಿಗೆ ಹೋಗ್ತಾನ್ರೀ, ಓದಾಕ ಬರಂಗಿಲ್ಲ' ಅನ್ನೋ ಮಾತು ಇಂಥ ಮನೆಗಳಿಂದಲೇ ಬರೋದು.

ಇವೆಲ್ಲ ನಿಜ. ಆದರೆ ಇವನ್ನೇ ನೆಪ ಮಾಡಿಕೊಂಡರೆ ಶಾಲೆಯ ಕೆಲಸ ಏನು ಅನ್ನೋ ಪ್ರಶ್ನೆ ಉಳಿಯುತ್ತೆ. ಮನೆಯಲ್ಲಿ ಹೇಳಿಕೊಡೋರು ಇಲ್ಲದ ಮಗುವಿಗೇ ಶಾಲೆ ಹೆಚ್ಚು ಬೇಕಾಗಿರೋದು.

ಸರಾಸರಿಯ ಮೋಸ

ಒಂದು ಉದಾಹರಣೆ ನೋಡೋಣ. ಒಂದು ತರಗತಿಯಲ್ಲಿ 30 ಮಕ್ಕಳು. 10 ಮಕ್ಕಳಿಗೆ 80 ಅಂಕ, 20 ಮಕ್ಕಳಿಗೆ 35 ಅಂಕ. ಸರಾಸರಿ 50. ಮುಂದಿನ ವರ್ಷ ಆ 10 ಮಕ್ಕಳು 95ಕ್ಕೆ ಏರಿದರು, ಉಳಿದ 20 ಮಕ್ಕಳು 35ರಲ್ಲೇ ನಿಂತರು. ಸರಾಸರಿ 55 ಆಯಿತು. ಕಾಗದದ ಮೇಲೆ ಶಾಲೆ ಸುಧಾರಿಸಿದೆ. ನಿಜದಲ್ಲಿ 20 ಮಕ್ಕಳು ಇದ್ದಲ್ಲೇ ಇದ್ದಾರೆ, ಅಂತರ 45 ಅಂಕದಿಂದ 60ಕ್ಕೆ ಹೋಗಿದೆ.

ಅಂಗಡಿ ನಡೆಸೋರಿಗೆ ಇದು ಬೇಗ ಅರ್ಥವಾಗುತ್ತೆ. ಸಂಜೆ ಗಲ್ಲಾ ತುಂಬಿದೆ ಅಂದ ಮಾತ್ರಕ್ಕೆ ಒಳಗೆ ಯಾವ ಮೂಟೆಗೆ ಹುಳ ಬಿದ್ದಿದೆ ಅಂತ ಗೊತ್ತಾಗಲ್ಲ. ಮೂಟೆ ಬಿಚ್ಚಿ ನೋಡಬೇಕು. ಶಾಲೆಯ ಲೆಕ್ಕವೂ ಹಾಗೇ. ಒಟ್ಟು ಎಷ್ಟು ಅನ್ನೋದಕ್ಕಿಂತ ಯಾರು ಹಿಂದೆ ಇದ್ದಾರೆ, ಕಳೆದ ಬಾರಿಗಿಂತ ಎಷ್ಟು ಮುಂದೆ ಬಂದಿದ್ದಾರೆ ಅನ್ನೋದು ಮುಖ್ಯ.

ಅಮೆರಿಕದಲ್ಲಿ ಏನಾಯ್ತು?

ಈ ಪ್ರಯೋಗವನ್ನು ದೊಡ್ಡದಾಗಿ ಮಾಡಿ ನೋಡಿದ್ದು ಅಮೆರಿಕ. 2002ರ ಜನವರಿಯಲ್ಲಿ ಜಾರಿಗೆ ಬಂದ 'ನೋ ಚೈಲ್ಡ್ ಲೆಫ್ಟ್ ಬಿಹೈಂಡ್' ಕಾನೂನು, ಬಡ ಮಕ್ಕಳು, ಕಪ್ಪು ವರ್ಣದ ಮಕ್ಕಳು, ಅಂಗವಿಕಲ ಮಕ್ಕಳು, ಇಂಗ್ಲಿಷ್ ಮನೆಮಾತಲ್ಲದ ಮಕ್ಕಳು ಹೀಗೆ ಒಂದೊಂದು ಗುಂಪಿನ ಫಲಿತಾಂಶವನ್ನೂ ಪ್ರತ್ಯೇಕವಾಗಿ ತೋರಿಸಬೇಕು ಅಂತ ಎಲ್ಲ ಸರ್ಕಾರಿ ಶಾಲೆಗಳಿಗೆ ಹೇಳಿತು. ಸರಾಸರಿಯ ಹಿಂದೆ ಅಡಗಿದ್ದ ಮಕ್ಕಳು ಆಗ ಕಣ್ಣಿಗೆ ಬಿದ್ದರು. ಇದು ಒಳ್ಳೆಯ ಭಾಗ.

ಕೆಟ್ಟ ಭಾಗವೂ ಇತ್ತು. 2014ರೊಳಗೆ ಎಲ್ಲ ಮಕ್ಕಳೂ ನಿಗದಿತ ಮಟ್ಟ ಮುಟ್ಟಲೇಬೇಕು, ಇಲ್ಲದಿದ್ದರೆ ಶಾಲೆಗೆ ಶಿಕ್ಷೆ ಅಂತ ಗುರಿ ಇಟ್ಟರು. ಅಂಕ ಏರಿಸುವ ಒತ್ತಡ ವಿಪರೀತವಾಯಿತು. ಅಟ್ಲಾಂಟಾ ನಗರದಲ್ಲಿ ಶಿಕ್ಷಕರೇ ಮಕ್ಕಳ ಉತ್ತರ ಪತ್ರಿಕೆ ತಿದ್ದಿದ್ದು ಬಯಲಾಯಿತು. 2011ರ ತನಿಖಾ ವರದಿಯಲ್ಲಿ 44 ಶಾಲೆಗಳ 178 ಶಿಕ್ಷಕರು ಮತ್ತು ಮುಖ್ಯಸ್ಥರ ಹೆಸರು ಬಂತು. 2015ರಲ್ಲಿ 11 ಮಂದಿ ಅಪರಾಧಿಗಳು ಅಂತ ತೀರ್ಪಾಯಿತು. ಅದೇ ವರ್ಷ ಆ ಕಾನೂನನ್ನೇ ಬದಲಿಸಿದರು.

ಬರೀ ಅಂಕ ಹಿಡಿದು ಬೆದರಿಸಿದರೆ ಅಂಕವೇ ಸುಳ್ಳಾಗುತ್ತೆ. ನಮ್ಮ ಪರೀಕ್ಷಾ ಕೇಂದ್ರದ ಕಿಟಕಿಯಿಂದ ಬೀಳುತ್ತಿದ್ದ ಚೀಟಿಗಳನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಕಾನೂನು ಏನು ಹೇಳುತ್ತೆ?

2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆ ಒಂದರಿಂದ ಎಂಟನೇ ತರಗತಿವರೆಗೆ ಅನ್ವಯ. ಖಾಸಗಿ ಶಾಲೆಯ ಶೇ 25 ಸೀಟಿನ ವಿಚಾರಕ್ಕೆ ಆರ್‌ಟಿಇ ಅಂತ ಎಲ್ಲರಿಗೂ ಗೊತ್ತು. ಸರ್ಕಾರಿ ಶಾಲೆಗೆ ಸಂಬಂಧಿಸಿದ ಭಾಗ ಅಷ್ಟಾಗಿ ಗೊತ್ತಿಲ್ಲ.

24ನೇ ಕಲಂನಲ್ಲಿ ಶಿಕ್ಷಕರ ಕರ್ತವ್ಯಗಳಿವೆ. ಸಮಯಕ್ಕೆ ಸರಿಯಾಗಿ ಬರೋದು, ಪಾಠ ಮುಗಿಸೋದು ಮಾತ್ರ ಅಲ್ಲ. ಪ್ರತಿ ಮಗುವಿನ ಕಲಿಕೆಯ ಮಟ್ಟ ನೋಡಿ, ಬೇಕಾದವರಿಗೆ ಹೆಚ್ಚುವರಿ ಪಾಠ ಮಾಡಬೇಕು. ನಿಯಮಿತವಾಗಿ ಪಾಲಕರ ಸಭೆ ಕರೆದು ಹಾಜರಾತಿ, ಕಲಿಕೆಯ ಶಕ್ತಿ, ಆಗಿರುವ ಪ್ರಗತಿ ತಿಳಿಸಬೇಕು. ಇದು ಮಾಸ್ತರು ಮಾಡುವ ಉಪಕಾರ ಅಲ್ಲ, ಕಾನೂನು. ತಪ್ಪಿದರೆ ವಿವರಣೆ ಕೇಳಿ ಶಿಸ್ತುಕ್ರಮಕ್ಕೂ ಅವಕಾಶ ಇದೆ. ಯಾವ ತರಗತಿಯಲ್ಲಿ ಮಗುವಿಗೆ ಏನೇನು ಬರಬೇಕು ಅನ್ನೋ 'ಕಲಿಕಾ ಫಲ'ಗಳ ಪಟ್ಟಿಯೂ 2017ರಿಂದ ಇದೆ.

21ನೇ ಕಲಂ ಪ್ರಕಾರ ಶಾಲೆಯ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪಾಲಕರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧ ಮಹಿಳೆಯರು. ಹಿಂದುಳಿದ, ದುರ್ಬಲ ವರ್ಗದ ಮಕ್ಕಳ ಪಾಲಕರಿಗೆ ಅವರ ಪ್ರಮಾಣಕ್ಕೆ ತಕ್ಕ ಸ್ಥಾನ ಕೊಡಬೇಕು. ಕರ್ನಾಟಕದಲ್ಲಿ ಇದೇ ಎಸ್‌ಡಿಎಂಸಿ. ಇದು ಕಾಯ್ದೆಗಿಂತ ಮುಂಚೆ, 2001ರಿಂದಲೇ ಇಲ್ಲಿದೆ. ಶಾಲೆಯ ಕೆಲಸದ ಮೇಲ್ವಿಚಾರಣೆ, ಅನುದಾನ ಖರ್ಚಾದ ಲೆಕ್ಕ, ಶಾಲಾ ಅಭಿವೃದ್ಧಿ ಯೋಜನೆ ಮೂರೂ ಇದರ ಕೆಲಸ. ಹೆಚ್ಚಿನ ಕಡೆ ಸಭೆಯ ಮಾತು ಬಿಸಿಯೂಟ, ಕೋಣೆ, ಕಾಂಪೌಂಡಿನಲ್ಲೇ ಮುಗಿಯುತ್ತೆ. ಮಗು ಓದುತ್ತಾ ಅನ್ನೋ ಮಾತು ಏಳೋದೇ ಅಪರೂಪ.

ಮಾಸ್ತರರ ಕೊರಳಪಟ್ಟಿ ಹಿಡಿದರೆ ಸಾಲದು

ಲೆಕ್ಕ ಕೇಳೋದು ಕೆಳಕ್ಕೆ ಮಾತ್ರ ಹರಿದರೆ ನ್ಯಾಯ ಅಲ್ಲ, ಮೇಲಕ್ಕೂ ಹೋಗಬೇಕು. ಒಬ್ಬ ಮಾಸ್ತರು ನಾಲ್ಕು ತರಗತಿ ನೋಡುವ ಶಾಲೆಯಲ್ಲಿ 'ಯಾಕೆ ಮಕ್ಕಳಿಗೆ ಬರಲ್ಲ' ಅಂತ ಅವರೊಬ್ಬರನ್ನೇ ಕೇಳಿ ಏನು ಪ್ರಯೋಜನ?

ಅದಕ್ಕೂ ಕಾನೂನು ಅಳತೆ ಕೊಟ್ಟಿದೆ. ಒಂದರಿಂದ ಐದನೇ ತರಗತಿಗೆ 60 ಮಕ್ಕಳವರೆಗೆ 2 ಶಿಕ್ಷಕರು, 61ರಿಂದ 90ಕ್ಕೆ 3, 91ರಿಂದ 120ಕ್ಕೆ 4. ಆರರಿಂದ ಎಂಟಕ್ಕೆ ತರಗತಿಗೊಬ್ಬರು, ಪ್ರತಿ 35 ಮಕ್ಕಳಿಗೆ ಕನಿಷ್ಠ ಒಬ್ಬರು, ಗಣಿತ-ವಿಜ್ಞಾನಕ್ಕೆ ಒಬ್ಬರು ಇರಲೇಬೇಕು. ಮಂಜೂರಾದ ಹುದ್ದೆಗಳಲ್ಲಿ ಶೇ 10ಕ್ಕಿಂತ ಹೆಚ್ಚು ಖಾಲಿ ಇರಬಾರದು. ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟರೆ ಶಿಕ್ಷಕರನ್ನು ಬೇರೆ ಕೆಲಸಕ್ಕೆ ಹಚ್ಚಬಾರದು.

ಇವು ಪಾಲನೆ ಆಗದಿದ್ದರೆ ಉತ್ತರ ಕೊಡಬೇಕಾದವರು ಬಿಇಒ, ಡಿಡಿಪಿಐ ಮತ್ತು ಸರ್ಕಾರ. 371ಜೆ ಬಂದ ಮೇಲೆ ಈ ಭಾಗಕ್ಕೆ ಪ್ರತ್ಯೇಕ ಮಂಡಳಿ ಇದೆ, ಅದರಡಿ ಶಿಕ್ಷಣಕ್ಕೆ 'ಅಕ್ಷರ ಆವಿಷ್ಕಾರ' ಯೋಜನೆ ಇದೆ. ನಮ್ಮೂರ ಶಾಲೆಗೆ ಅದರಲ್ಲಿ ಏನು ಬಂತು ಅಂತ ಶಾಸಕರನ್ನು ಕೇಳುವ ಹಕ್ಕು ಮತದಾರರಿಗೆ ಇದೆ.

ಸಭೆಯಲ್ಲಿ ಕೇಳಬೇಕಾದ ಆರು ಪ್ರಶ್ನೆ

ಎಸ್‌ಡಿಎಂಸಿ ಸಭೆ ಅಥವಾ 'ಸಮುದಾಯದತ್ತ ಶಾಲೆ' ಕಾರ್ಯಕ್ರಮಕ್ಕೆ ಹೋದಾಗ ಇವನ್ನು ಕೇಳಬಹುದು:

1. ಐದನೇ ತರಗತಿಯಲ್ಲಿ ಎರಡನೇ ತರಗತಿಯ ಪಾಠ ತಡವರಿಸದೆ ಓದುವ ಮಕ್ಕಳು ಎಷ್ಟು? ಕಳೆಯೋದು, ಭಾಗಿಸೋದು ಬರುವ ಮಕ್ಕಳು ಎಷ್ಟು?

2. ಹಿಂದೆ ಬಿದ್ದವರಲ್ಲಿ ಗುಳೆ ಹೋಗಿಬಂದವರು, ತಾಂಡಾದವರು, ಹೆಣ್ಣುಮಕ್ಕಳು ಎಷ್ಟು? (ಸಂಖ್ಯೆ ಸಾಕು. ಮಗುವಿನ ಹೆಸರು ಹೇಳಿ ಸಭೆಯಲ್ಲಿ ಮಾನ ಕಳೆಯಬಾರದು.)

3. ಅವರಿಗೆ ಹೆಚ್ಚುವರಿ ಪಾಠ ಯಾರು, ಯಾವ ಹೊತ್ತಿನಲ್ಲಿ ಮಾಡ್ತಾರೆ?

4. ಹತ್ತಿ ಹಂಗಾಮಿನ ತಿಂಗಳುಗಳಲ್ಲಿ ಹಾಜರಾತಿ ಎಷ್ಟು? ಬಿಟ್ಟುಹೋದ ಪಾಠಕ್ಕೆ ಏನು ವ್ಯವಸ್ಥೆ?

5. ಮಂಜೂರಾದ ಹುದ್ದೆ ಎಷ್ಟು, ಖಾಲಿ ಎಷ್ಟು? ಅತಿಥಿ ಶಿಕ್ಷಕರು ಯಾವ ತಿಂಗಳು ಬಂದರು?

6. ಮೂರು ತಿಂಗಳ ಹಿಂದೆ ಓದಲು ಬಾರದವರಲ್ಲಿ ಈಗ ಎಷ್ಟು ಮಂದಿ ಓದ್ತಾರೆ?

ಆರನೆಯ ಪ್ರಶ್ನೆಯೇ ಎಲ್ಲಕ್ಕಿಂತ ದೊಡ್ಡದು. ನಮ್ಮ ಶಾಲೆಯನ್ನು ಉಡುಪಿ, ಮಂಗಳೂರಿನ ಶಾಲೆಗೆ ಹೋಲಿಸಿದರೆ ಮಾಸ್ತರರಿಗೂ ಬೇಸರ, ಮಕ್ಕಳಿಗೂ ಅವಮಾನ. ಅದೇ ಶಾಲೆಯ ಹಿಂದಿನ ಲೆಕ್ಕಕ್ಕೆ ಇವತ್ತಿನ ಲೆಕ್ಕ ಹೋಲಿಸಿದರೆ ದುಡಿದ ಮಾಸ್ತರರಿಗೆ ಶಹಬ್ಬಾಸ್ ಸಿಗುತ್ತೆ, ದುಡಿಯದವರೂ ಗೊತ್ತಾಗ್ತಾರೆ. ಉತ್ತರಗಳನ್ನು ಸಭೆಯ ನಡಾವಳಿ ಪುಸ್ತಕದಲ್ಲಿ ಬರೆಸಿ. ಬಾಯಿಮಾತು ಮುಂದಿನ ಸಭೆಗೆ ಉಳಿಯಲ್ಲ.

ಉತ್ತರ ಬರದಿದ್ದರೆ?

ಮೊದಲು ಮುಖ್ಯಶಿಕ್ಷಕರಿಗೆ, ಎಸ್‌ಡಿಎಂಸಿಗೆ ಲಿಖಿತವಾಗಿ ಕೊಡಿ. ಅಲ್ಲಿ ಆಗದಿದ್ದರೆ ತಾಲೂಕಿನ ಬಿಇಒ ಕಚೇರಿಗೆ ಹೋಗಿ, ಕೊಟ್ಟ ಅರ್ಜಿಗೆ ಸ್ವೀಕೃತಿ ಪಡೆಯಿರಿ. ಕಾಯ್ದೆಯ 32ನೇ ಕಲಂ ಪ್ರಕಾರ ಸ್ಥಳೀಯ ಪ್ರಾಧಿಕಾರಕ್ಕೆ ಕೊಟ್ಟ ಲಿಖಿತ ದೂರು 3 ತಿಂಗಳೊಳಗೆ ತೀರ್ಮಾನ ಆಗಬೇಕು. ಅದು ಸಮಾಧಾನ ತರದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ ಹಾಕಬಹುದು.

ಹುದ್ದೆ, ಅನುದಾನದ ಮಾಹಿತಿ ಬೇಕಿದ್ದರೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕದ ಅರ್ಜಿ ಸಾಕು, ಬಿಪಿಎಲ್‌ನವರಿಗೆ ಆ ಶುಲ್ಕವೂ ಇಲ್ಲ. 30 ದಿನದಲ್ಲಿ ಉತ್ತರ ಕೊಡಬೇಕು. ಮಕ್ಕಳ ಸಂಖ್ಯೆ, ಶಿಕ್ಷಕರ ಸಂಖ್ಯೆಯಂಥ ವಿವರ ಯು-ಡೈಸ್ ಜಾಲತಾಣದಲ್ಲಿ ಮೊಬೈಲ್‌ನಲ್ಲೇ ಸಿಗುತ್ತೆ. ಗ್ರಾಮ ಪಂಚಾಯಿತಿ ನಡೆಸುವ ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳೇ ಎದ್ದು ಕೇಳಬಹುದು.

ಅಂಗಡಿಕಾರರಿಗೆ ಇದರಲ್ಲಿ ಏನು?

ಮಕ್ಕಳು ಖಾಸಗಿ ಶಾಲೆಗೆ ಹೋಗ್ತಾರೆ, ನಮಗೇಕೆ ಈ ಉಸಾಬರಿ ಅಂತ ಪೇಟೆಯವರು ಅನ್ನಬಹುದು. ಆದರೆ ನಾಳೆ ಅಂಗಡಿಗೆ ಕೆಲಸಕ್ಕೆ ಬರುವ ಹುಡುಗ, ಬಿಲ್ ಬರೆಯುವ ಹುಡುಗಿ ಇದೇ ಶಾಲೆಗಳಿಂದ ಬರೋದು. ಗೊಬ್ಬರದ ಚೀಲದ ಮೇಲಿನ ಸೂಚನೆ ಓದುವ, ಬ್ಯಾಂಕಿನ ಫಾರಂ ತುಂಬುವ ಗಿರಾಕಿಯೂ ಇಲ್ಲಿಂದಲೇ. ಮಕ್ಕಳು ಓದದ ತಾಲೂಕಿನಿಂದ ಜನ ಗುಳೆ ಹೋಗ್ತಾರೆ, ಜನ ಹೋದ ಊರಲ್ಲಿ ವ್ಯಾಪಾರ ಉಳಿಯಲ್ಲ. ಅಂಗಡಿಕಾರರು ಮಾಡಬಹುದಾದ ಒಂದು ಕೆಲಸ ಇದೆ. ಶಾಲೆಯ ಹೊತ್ತಿನಲ್ಲಿ ಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಳ್ಳದಿರೋದು. 14 ವರ್ಷದೊಳಗಿನವರನ್ನು ಅಂಗಡಿ ಕೆಲಸಕ್ಕೆ ಇಟ್ಟುಕೊಳ್ಳೋದು ಹೇಗೂ ಅಪರಾಧ.

ಇಷ್ಟಕ್ಕೆಲ್ಲ ಮುಂಚೆ ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಒಂದಿದೆ. ಎರಡನೇ ತರಗತಿಯ ಕನ್ನಡ ಪುಸ್ತಕ ತೆಗೆದು, ನಾಲ್ಕು ಅಥವಾ ಐದನೇ ತರಗತಿಯ ಮಗುವಿನ ಕೈಗೆ ಕೊಟ್ಟು ಒಂದು ಪುಟ ಓದಿಸಿ. ಓದು ಬಾರದ ಪಾಲಕರಿಗೂ ಮಗು ತಡವರಿಸೋದು ಕಿವಿಗೆ ಗೊತ್ತಾಗುತ್ತೆ. ಓದಿದರೆ ಸಂತೋಷ. ಓದದಿದ್ದರೆ ಮಗುವನ್ನು ಬೈಯಬೇಡಿ. ಎಸ್‌ಡಿಎಂಸಿಯ ಮುಂದಿನ ಸಭೆ ಯಾವತ್ತು ಅಂತ ವಿಚಾರಿಸಿ.